ಎದುರುಬದುರಿನ ಎರಡು ಪಾಲು

ನೇರಳೆ, ಇಲ್ಲ, ತಿಳಿನೀಲಿ, ಕಿಟಕಿಯಾಚೆ ತೋಡಿನ ತುಂಬ ಅಂತರಗಂಗೆಯ ಹೂವು, ಬಸ್ಸು ಮುಂದಕ್ಕೆ ಓಡುತ್ತಿದೆಯೋ ಹೂವೇ ಹಿಂದಕ್ಕೆ ಹರಿಯುತ್ತಿದೆಯೋ, ಆಲಪ್ಪುಳ ದಾಟಿತು ಅಂತ ಕಾಣುತ್ತದೆ, ತೊಡೆಯ ಮೇಲಿನ ಚೀಲ ಬೆಚ್ಚಗಿದೆ, ಬಿಸಿಲಿಗಿರಬೇಕು, ಚೀಲದೊಳಗೆ ಮಡಕೆ, ಮಡಕೆಯ ಬಾಯಿಗೆ ಕೆಂಪು ಬಟ್ಟೆ, ಅದರೊಳಗೆ ಅನಂತ, ಮೊನ್ನೆ ಮೊನ್ನೆಯವರೆಗೆ ಕಾಫಿ ಆರಿದೆ ಎಂದು ಗೊಣಗುತ್ತಿದ್ದ ನನ್ನ ಗಂಡ, ಈಗ ಎಷ್ಟು ತಗ್ಗಿ ಕೂತಿದ್ದಾರೆ ನೋಡು — ಚೇಚೀ, ಬ್ಯಾಗ್ ಮುಗಳಿಲ್ ವೆಕ್ಕಟ್ಟೆ, ಪಕ್ಕದ ಹುಡುಗಿ ಚೀಲ ಮೇಲಿಡಲೇ ಎಂದು ಕೇಳುತ್ತಾಳೆ, ವೇಂಡ ಮೋಳೇ, ಬೇಡ, ಇರಲಿ, ಇವರಿಗೆ ಎತ್ತರದ ಸೀಟು ಆಗುವುದಿಲ್ಲ, ತಲೆ ತಿರುಗುತ್ತದೆ ಎನ್ನುತ್ತಿದ್ದರು, ಕಿಟಕಿ ಪಕ್ಕ ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಇದೇ ರಸ್ತೆಯಲ್ಲಿ ಎಷ್ಟು ಶನಿವಾರ ಬಂದಿದ್ದಾರೆ, ಏಲೂರಿನ ಗೊಬ್ಬರದ ಕಾರ್ಖಾನೆಯಿಂದ ಹೊರಟು, ವೈಟ್ಟಿಲದಲ್ಲಿ ಬಸ್ಸು ಹಿಡಿದು, ಪಟ್ಟಂನ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಕತ್ತಲಾದ ಮೇಲೆ ಚಪ್ಪಲಿ ಬಿಡುವ ಸದ್ದು, ಅವರಿಗೆ ಅಲ್ಲಿ ನೌಕರಿ, ನನಗೆ ಇಲ್ಲಿ ಮಣ್ಣು ಪರೀಕ್ಷೆಯ ಲ್ಯಾಬು, ವಾರಕ್ಕೊಮ್ಮೆ ಸಂಸಾರ. ನಾವು ಚೀಲಗಟ್ಟಲೆ ರಂಜಕ ಕಳಿಸ್ತೀವಿ ವೇದಾ, ನಿನ್ನ ಕೆಂಪು ಮಣ್ಣು ಎಲ್ಲ ನುಂಗಿ ಗಿಡಕ್ಕೆ ಒಂದು ಚೂರೂ ಕೊಡಲ್ಲ, ಎಂಥ ಜಿಪುಣ ಮಣ್ಣು ನಿಂದು. ಜಿಪುಣ ಅಲ್ಲ ಕಣ್ರೀ, ಅದರಲ್ಲಿ ಕಬ್ಬಿಣ ಇದೆ, ಹಿಡಿದಿದ್ದನ್ನ ಬಿಡೋಕೆ ಬರಲ್ಲ ಅದಕ್ಕೆ, ಅಷ್ಟೇ. ಓಹೋ, ನಿನ್ನ ಥರ ಅನ್ನು. ಹೌದು ರೀ, ನನ್ನ ಥರಾನೇ.

ಫೋನು ನಡುಗುತ್ತದೆ, ಪಾವನಾ, ಅಮ್ಮಾ, ಎವಿಡೆ ಎತ್ತಿ, ಮಗಳು ಹುಟ್ಟಿದ್ದೇ ಪಟ್ಟಂನಲ್ಲಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೇ ಉತ್ತರ, ಎಲ್ಲಿದ್ದೀನಿ ಅಂದ್ರೆ ಆಲಪ್ಪುಳ ದಾಟಿದೆ ಪುಟ್ಟಾ, ದೊಡ್ಡಪ್ಪ ಬಂದ್ರಾ, ವಲ್ಯಚ್ಛನ್ ಇವಿಡೆ ಉಂಡ್, ಇಲ್ಲೇ ಇದ್ದಾರಂತೆ, ವೈಟ್ಟಿಲದಲ್ಲಿ, ಮೈಸೂರಿನಿಂದ ರಾತ್ರಿ ಬಸ್ಸಿಗೆ ಬಂದು ನಿಂತಿದ್ದಾರೆ, ಇವರ ಅಣ್ಣ ವಿಠಲ ಭಾವ, ಆಲುವದ ಹೊಳೆ ದಡದಲ್ಲಿ ಪುರೋಹಿತರನ್ನೂ ಗೊತ್ತುಮಾಡಿದ್ದಾರೆ. ಒಂದು ಚೂರೂ ಉಳೀಬಾರದಮ್ಮ, ಪೂರ್ತಿ ಹೊಳೇಗೆ ಬಿಡಬೇಕು, ಉಳಿದ್ರೆ ಅವನು ಇಲ್ಲೇ ಸುತ್ತುತಾನೆ, ನಿನ್ನೆ ಫೋನಿನಲ್ಲಿ ಎಷ್ಟು ಸಲ ಹೇಳಿದರು, ಆಗಲಿ ಭಾವ, ಆಗಲಿ ಭಾವ ಎಂದೆನಲ್ಲ, ಯಾವ ಬಾಯಲ್ಲಿ ಎಂದೆ, ಆ ಹೊತ್ತಿಗಾಗಲೇ —

ಹಾಲು ಚಿಮುಕಿಸಿದ್ದರಿಂದ ಬೂದಿ ತೇವವಾಗಿತ್ತು, ಅಷ್ಟೇ ಕಾರಣ, ಪೇಪರು ಹಾಸಿ ಬಾಲ್ಕನಿಯ ನೆರಳಿನಲ್ಲಿ ಹರವಿದೆ, ಲ್ಯಾಬಿನಲ್ಲಿ ಮಣ್ಣು ಒಣಗಿಸುವುದೂ ಹಾಗೇ, ನೆರಳಿನಲ್ಲೇ, ಒಣಗಿದ ಮೇಲೆ ಹೆಂಟೆ ಒಡೆದೆ, ಮೃದುವಾಗಿ, ಗುಡ್ಡೆ ಮಾಡಿದೆ, ಹೆಬ್ಬೆರಳಿನಿಂದ ಮೇಲೆ ಅಡ್ಡಗೆರೆ, ಉದ್ದಗೆರೆ, ನಾಲ್ಕು ಪಾಲು, ಎದುರುಬದುರಿನ ಎರಡು ಇಟ್ಟುಕೊಂಡು ಇನ್ನೆರಡನ್ನು ಅಂಗೈ ಅಂಚಿನಿಂದ ಸವರಿ ಕರಿಬೇವಿನ ಕುಂಡಕ್ಕೆ, ಮಣ್ಣು ಬಂದಾಗಲೆಲ್ಲ ಹಾಗೇ, ಗುಡ್ಡೆ, ಗೆರೆ, ಎರಡು ಪಾಲು ಪರೀಕ್ಷೆಗೆ, ಎರಡು ಪಾಲು ಹೊರಕ್ಕೆ, ಕೈಗೆ ಕಣ್ಣಿಲ್ಲ, ಕೈಗೆ ಗಂಡನೂ ಇಲ್ಲ, ಸವರಿ, ಕೈ ಕೊಡವಿ, ಕುಂಡಕ್ಕೆ ಒಂದು ತಂಬಿಗೆ ನೀರೂ ಹೊಯ್ದು, ಎರಡನೇ ಸಲ ಗುಡ್ಡೆ ಮಾಡಿ ಹೆಬ್ಬೆರಳು ಇಟ್ಟಾಗ ಅದರ ತುದಿಯಲ್ಲಿ ಬಿಳಿ ಕಂಡಿತು, ಮಣ್ಣು ಎಂದಾದರೂ ಇಷ್ಟು ಬಿಳಿ ಇರುತ್ತದೆಯೇ. ಅಯ್ಯೋ ರೀ. ಅಲ್ಲೇ ಕೂತುಬಿಟ್ಟೆ. ಬೆರಳಿನಿಂದ ಕೆದಕಿದೆ, ನೀರು ಇಳಿದಾಗಿತ್ತು, ಕೆಂಪಿನೊಳಗೆ ಬೂದು ಕರಗಿ ಯಾವುದು ಅವರು ಯಾವುದು ಮಣ್ಣು, ಆಮೇಲೆ ಊದುಬತ್ತಿಯ ಬೂದಿ ಸೇರಿಸಿ ಮಡಕೆ ತುಂಬಿಸಿಬಿಡಲೇ ಎಂದೂ ಒಂದು ಗಳಿಗೆ ಅನಿಸಿತು, ಥೂ, ಬದುಕಿಡೀ ಸ್ಯಾಂಪಲ್ ಕಲಬೆರಕೆ ಮಾಡಿದವರನ್ನು ಬೈದವಳು ನಾನು. ಭಾವನಿಗೆ ಏನು ಹೇಳಲಿ, ಹೇಳದೆ ಇದ್ದರೆ ಗೊತ್ತಾಗುತ್ತದೆಯೇ, ಮಡಕೆಯ ಬಾಯಿ ಕಟ್ಟಿದೆ, ನೀರಿಗೆ ಬಿಟ್ಟರೆ ಮುಗಿಯಿತು, ಆದರೆ ಅವರು ತಮ್ಮನನ್ನು ಪೂರ್ತಿ ಕಳಿಸಿಕೊಟ್ಟೆ ಎಂದು ನಂಬಿ ಊಟ ಮಾಡುತ್ತಾರೆ, ನಾನು ಎದುರು ಕೂತು ಬಡಿಸುತ್ತೇನೆ, ಆಗುತ್ತದೆಯೇ ನನ್ನಿಂದ.

ಮೂಳೆ ಎಂದರೆ ರಂಜಕವೇ, ಸುಣ್ಣ ಮತ್ತು ರಂಜಕ, ಕುಂಡದ ಮಣ್ಣು ಮೆಲ್ಲಗೆ ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ, ಮಳೆ ಎಷ್ಟು ತೊಳೆದರೂ ಬಿಡುವುದಿಲ್ಲ, ಮಣ್ಣೇ ಕೊಚ್ಚಿಹೋದರೆ ಜೊತೆಗೆ ಹೋಗುತ್ತದೆ, ಹಿಡಿದುಕೊಂಡೇ, ಹೊಳೆಗೆ, ಹೊಳೆಯಿಂದ ಹಿನ್ನೀರಿಗೆ, ತಳದ ಉಸಿರಿಲ್ಲದ ಕೆಸರಿನಲ್ಲಿ ಮಾತ್ರ ಕಬ್ಬಿಣದ ಕೈ ಸಡಿಲುತ್ತದೆ, ಆಗ ನೀರಿಗೆ ಬಿಡುತ್ತದೆ, ನೀರು ಅಂತರಗಂಗೆಗೆ, ಹೂವಿಗೆ, ಈ ತಿಳಿನೀಲಿಗೆ, ಪರೀಕ್ಷೆಯ ಕೊಳವೆಯಲ್ಲೂ ಹೀಗೇ ನೀಲಿ ಏಳುತ್ತಿತ್ತು, ರಂಜಕ ಇದ್ದಷ್ಟು ಗಾಢ, ಒಮ್ಮೆ ಲ್ಯಾಬಿಗೆ ಬಂದಿದ್ದ ಇವರು ಕೊಳವೆಯನ್ನು ಬೆಳಕಿಗೆ ಹಿಡಿದು, ನಿನ್ನ ಮದುವೆ ಸೀರೆ ಬಣ್ಣ ಕಣೇ ಎಂದಿದ್ದರು, ಆ ಸೀರೆ ಹಸಿರು, ಅವರಿಗೆ ಬಣ್ಣವೇ ಗೊತ್ತಾಗುತ್ತಿರಲಿಲ್ಲ, ನಾನು ತಿದ್ದಲಿಲ್ಲ, ಈಗ ಬೇಕು ಅನಿಸುತ್ತಿದೆ, ಆ ತಪ್ಪು ಬಣ್ಣ, ಆ ಮನುಷ್ಯ, ನನಗೆ ಅವರು ಬೇಕು. ಅರೂರಿನ ಸೇತುವೆ, ನೀರು, ಮತ್ತೆ ನೀರು, ನಿದ್ದೆಯೋ ಬೆಳಕೋ, ವೈಟ್ಟಿಲ ವೈಟ್ಟಿಲ, ಕಂಡಕ್ಟರ್ ಕೂಗುತ್ತಾನೆ, ಪಾವನಾ ಓಡಿ ಬಂದು ತೋಳು ಹಿಡಿಯುತ್ತಾಳೆ, ಭಾವ ಟವೆಲಿನಿಂದ ಕಣ್ಣೊತ್ತಿಕೊಂಡು ಚೀಲಕ್ಕೆ ಕೈ ನೀಡುತ್ತಾರೆ, ಎತ್ತುತ್ತಾರೆ, ನಿಲ್ಲುತ್ತಾರೆ, ಇಷ್ಟೇನಾ ವೇದಾ, ಹಗುರ ಇದೆಯಲ್ಲಮ್ಮ. ಅರ್ಧ ಭಾವ, ಕೈತಪ್ಪಿ ಆಯಿತು, ಇನ್ನರ್ಧ ಮನೇಲೇ ಇದ್ದಾರೆ, ಕರಿಬೇವಿನ ಕುಂಡದಲ್ಲಿ. ಅಮ್ಮಾ, ಅಪ್ಪನ್ನ ಅಲ್ಲೇ ಬಿಡೋಣ, ಇದು ಪಾವನಾ, ಕನ್ನಡ, ಅವಳ ಬಾಯಲ್ಲಿ ಕನ್ನಡ, ಭಾವ ನನ್ನನ್ನೇ ನೋಡುತ್ತಿದ್ದಾರೆ, ಹೂಂ ಎನ್ನುತ್ತಾರೋ ಇಲ್ಲವೋ, ಚೀಲವನ್ನು ಮಗುವಿನಂತೆ ಎದೆಗೊತ್ತಿಕೊಂಡಿದ್ದಾರೆ, ನನಗೆ ಕಾಣುವುದು ಪೇಪರು, ಬಿಳಿ ಗುಡ್ಡೆ, ಅಡ್ಡಗೆರೆ, ಉದ್ದಗೆರೆ, ಗೆರೆಗಳು ಕೂಡುವ ಕಡೆ ನನ್ನ ಹೆಬ್ಬೆರಳು, ಬಿಳಿ