ಮೂವತ್ಮೂರನೆಯ ನ್ಯೂಟ್ರಾನ್

ಪ್ರಸನ್ನಕುಮಾರನ ಎದೆಯ ಎಡಭಾಗದಲ್ಲಿ ಸುಟ್ಟ ಗಾಯವೊಂದಿತ್ತು. ಆಸ್ಪತ್ರೆಯಲ್ಲಿ ನರ್ಸ್ ಅದಕ್ಕೆ ಮುಲಾಮು ಹಚ್ಚುವಾಗಲೇ, ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಆ ಕಪ್ಪು ಗುರುತನ್ನು ನೋಡಿ ಅವನ ಅಕ್ಕ ರಶ್ಮಿಗೆ ಅವನು ತಂದಿದ್ದ ಲೋಹದ ಬಿಲ್ಲೆ ನೆನಪಾಗಿತ್ತು. ಅದು ಮೊನ್ನೆಯ ಮಾತು. ಅವಳೇ ಓಡಿಹೋಗಿ ಡಾಕ್ಟರಿಗೆ ಹೇಳಿದಳು. ನಿನ್ನೆ ವಿಕಿರಣ ಸುರಕ್ಷತೆಯ ಅಧಿಕಾರಿಗಳು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಅವನ ಗುಜರಿ ಅಂಗಡಿಗೆ ಬಂದು, ಗಲ್ಲಾಪೆಟ್ಟಿಗೆಯಲ್ಲಿದ್ದ ಆ ಬಿಲ್ಲೆಯನ್ನು ಸೀಸದ ಡಬ್ಬಿಯಲ್ಲಿ ಮುಚ್ಚಿ ಒಯ್ದರು. ಯಾರು ಯಾರು ಮುಟ್ಟಿದ್ದರೆಂದು ಕೇಳಿದರು. ಪರೀಕ್ಷೆಗೆಂದು ಐದು ನಿಮಿಷ ತಾನು, ಮತ್ತೆ ತಮ್ಮ ಎಂದಳು ರಶ್ಮಿ. ಪ್ರಸನ್ನನೂ ಹಾಗೇ ಹೇಳಿದ.

ಅವಳು ಶಿವಮೊಗ್ಗದ ಹೊರವಲಯದ ಫೌಂಡ್ರಿಯೊಂದರಲ್ಲಿ ಕೆಮಿಸ್ಟ್. ಮೂರು ವಾರದ ಹಿಂದಿನ ಮಂಗಳವಾರ ತಮ್ಮ ಆ ಬಿಲ್ಲೆ ತಂದಿದ್ದ. 'ಗುಜರಿ ಲೋಡಲ್ಲಿ ಸಿಕ್ತು ಅಕ್ಕ. ಸೈಜಿಗಿಂತ ತೂಕ ಜಾಸ್ತಿ. ನಿನ್ನ ಮೆಷಿನ್ನಿಗೆ ಸ್ವಲ್ಪ ತೋರ್ಸು' ಎಂದಿದ್ದ. ಅವಳು ಸ್ಪೆಕ್ಟ್ರೋಮೀಟರಿನಲ್ಲಿಟ್ಟು ಕಿಡಿ ಹಾರಿಸಿದಳು. ಕೋಬಾಲ್ಟಿನ ಗೆರೆಗಳು ಅಳತೆ ಮೀರಿ ಏರಿದವು. 'ಸಾಚಾ ಕೋಬಾಲ್ಟ್ ಕಣೋ. ಕಮ್ಮಿಗೆ ಬಿಡ್ಬೇಡ' ಎಂದು ಅವಳೇ ಹೇಳಿದ್ದಳು.

ಈಗ ಪ್ರಸನ್ನ ಮಲಗಿದಲ್ಲೇ ಕೇಳಿದ: 'ಹಂಗಾದ್ರೆ ನಿನ್ನ ಮೆಷಿನ್ ಸುಳ್ಳು ಹೇಳ್ತಾ?'

'ಇಲ್ಲ. ನಿಜಾನೇ ಹೇಳ್ತು.'

'ಮತ್ತೆ?'

ರಶ್ಮಿ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. 'ಪರಮಾಣು ನಡುವೆ ನ್ಯೂಕ್ಲಿಯಸ್ ಇರುತ್ತೆ. ಅದರೊಳಗೆ ಪ್ರೋಟಾನು, ನ್ಯೂಟ್ರಾನು. ಹೊರಗಡೆ ಎಲೆಕ್ಟ್ರಾನು. ಕಿಡಿ ಹೊಡೆದಾಗ ಎಲೆಕ್ಟ್ರಾನ್ ಮೇಲೆ ಹಾರಿ ಮತ್ತೆ ಕೆಳಗೆ ಬೀಳುತ್ತೆ. ಬೀಳುವಾಗ ಬರೋ ಬೆಳಕನ್ನ ಮೆಷಿನ್ ಓದುತ್ತೆ. ಅಷ್ಟೇ. ಒಳಗೆ ಏನಿದೆ ಅಂತ ಅದು ನೋಡಲ್ಲ.'

'ಒಳಗೆ ಏನಿತ್ತು?'

'ಮಾಮೂಲಿ ಕೋಬಾಲ್ಟಲ್ಲಿ ಇಪ್ಪತ್ತೇಳು ಪ್ರೋಟಾನು, ಮೂವತ್ತೆರಡು ನ್ಯೂಟ್ರಾನು. ಇದರಲ್ಲಿ ಮೂವತ್ಮೂರು. ಆ ಒಂದು ಜಾಸ್ತಿ ಆಗಿದ್ದಕ್ಕೇ ಅದು ವಿಕಿರಣ ಕಾರುತ್ತೆ, ಹತ್ತಿರ ಇದ್ದೋರನ್ನ ಸುಡುತ್ತೆ.'

ಪ್ರಸನ್ನ ನಕ್ಕ. ವಸಡಿನಲ್ಲಿ ರಕ್ತ ಕಾಣಿಸಿತು. 'ಒಂದೇ ಒಂದು ನ್ಯೂಟ್ರಾನಿಗೆ ಇಷ್ಟು ಗಾಂಚಾಲಿನಾ ಮಾರಾಯ್ತಿ!'

ಅವಳು ಅವನ ತುಟಿ ಒರೆಸಿದಳು. ಎಂಎಸ್ಸಿ ಮೊದಲ ವರ್ಷದಲ್ಲೇ ಓದಿದ ಪಾಠ ಅದು. ಪರೀಕ್ಷೆಯಲ್ಲಿ ಪೂರ್ಣ ಅಂಕ ಬಂದಿತ್ತು. ಬಿಲ್ಲೆಯನ್ನು ಕೈಯಲ್ಲಿ ಹಿಡಿದ ದಿನ ಮಾತ್ರ ನೆನಪಾಗಲಿಲ್ಲ. ಬೆಳಿಗ್ಗೆ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, 'ಬಿಳಿ ರಕ್ತಕಣ ದಿನಾ ಇಳೀತಿದೆ. ದೊಡ್ಡ ಆಸ್ಪತ್ರೆಗೆ ಕಳಿಸ್ತೀವಿ. ಆದ್ರೆ ನೀವು ಓದಿದೋರು...' ಎಂದು ಅಲ್ಲಿಗೇ ನಿಲ್ಲಿಸಿದ್ದರು.

'ಸಿಕ್ಕಿದ ದಿನಾನೇ ಮಾರಿದ್ರೆ ಏನೂ ಆಗ್ತಿರಲಿಲ್ಲ ನೋಡು' ಎಂದ ಪ್ರಸನ್ನ. 'ಸೋಮವಾರದವರೆಗೂ ತಡ್ಕೊಂಡೆ. ಅಷ್ಟೊತ್ತಿಗೆ ವಾಂತಿ ಶುರುವಾಗಿ, ಅದನ್ನ ಗಲ್ಲಾಕ್ಕೆ ಹಾಕಿ ಮಲಗಿಬಿಟ್ಟೆ.'

ಅದು ಅವರ ತೀರಿಕೊಂಡ ಅಪ್ಪ ಹಾಕಿಕೊಟ್ಟ ಪದ್ಧತಿ. ಲೋಡಿನಲ್ಲಿ ಒಳ್ಳೆಯ ಮಾಲು ಸಿಕ್ಕರೆ ಸೋಮವಾರದ ಪೂಜೆ ಆಗುವ ತನಕ ಮಾರಬಾರದು. ಪ್ರಸನ್ನ ಹಗಲೆಲ್ಲ ಬಿಲ್ಲೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ.

'ಮಾರಿದ್ರೆ ಈ ಮಂಚದ ಮೇಲೆ ಇನ್ಯಾರೋ ಇರ್ತಿದ್ರು' ಎಂದಳು ರಶ್ಮಿ.

ಅಷ್ಟರಲ್ಲಿ ಜನ್ನಾಪುರದ ಮನೆಯಿಂದ ಬಸ್ಸಿನಲ್ಲಿ ಗಂಜಿ ತಂದ ಅವ್ವ ಉಮಾಮಹೇಶ್ವರಿ ಒಳಗೆ ಬಂದರು. ಕ್ಯಾರಿಯರ್ ಕೆಳಗಿಟ್ಟು ಮಗನ ಹಣೆಗೆ ಎಡಗೈಯಿಂದ ವಿಭೂತಿ ಹಚ್ಚಿದರು.

'ಎಡಗೈಲಿ ಯಾಕವ್ವ?' ಎಂದಳು ರಶ್ಮಿ.

'ಬಲಗೈ ಬೆರಳು ಉರಿ ಕಣೇ. ಬಿಸಿ ಪಾತ್ರೆ ಮುಟ್ಟಿದ್ನೇನೋ, ನೆನಪಿಲ್ಲ.'

ಹೆಬ್ಬೆರಳು ಮತ್ತು ಎರಡು ಬೆರಳುಗಳ ತುದಿ ಕೆಂಪಾಗಿ ಊದಿಕೊಂಡಿದ್ದವು. ಚರ್ಮ ಸಿಪ್ಪೆಯೇಳುತ್ತಿತ್ತು.

ರಶ್ಮಿ ಆ ಕೈ ಹಿಡಿದುಕೊಂಡಳು. 'ಅವ್ವ, ಆ ಬಿಲ್ಲೆ ರಾತ್ರಿ ಹೊತ್ತು ಎಲ್ಲಿರ್ತಿತ್ತು?'

'ಎಲ್ಲಿರುತ್ತೆ? ಜಗಲಿ ಮೇಲೆ, ದೇವರ ಮುಂದೆ. ಬೆಳಿಗ್ಗೆ ನಾನೇ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಪೂಜೆ ಮುಗಿದ ಮೇಲೆ ಇವನ ಕೈಗೆ ಕೊಡ್ತಿದ್ದೆ. ಯಾಕೆ?'

ಪ್ರಸನ್ನ ಅಕ್ಕನ ಮುಖ ನೋಡಿದ. ಯಾರು ಮುಟ್ಟಿದ್ದರೆಂದು ಕೇಳಿದಾಗ ಇಬ್ಬರಲ್ಲಿ ಒಬ್ಬರಿಗೂ ಅವ್ವನ ಪೂಜೆ ಹೊಳೆದಿರಲಿಲ್ಲ.

'ಪೂಜೆಗೆ ಎಷ್ಟು ಹೊತ್ತು ಕೂರ್ತಿದ್ದೆ?'

'ದಿನಾ ಕೂತಷ್ಟೇ. ಮುಕ್ಕಾಲು ಗಂಟೆ.' ಅವ್ವ ಕೈ ಬಿಡಿಸಿಕೊಂಡು ಕ್ಯಾರಿಯರಿನ ಮುಚ್ಚಳ ತೆಗೆದರು. 'ಮೊದ್ಲು ಇವನಿಗೆ ಕುಡಿಸು, ಆರಿಹೋಗುತ್ತೆ. ನಂಗ್ಯಾಕೋ ಬೆಳಿಗ್ಗೆಯಿಂದ ಊಟಾನೇ ಸೇರ್ತಿಲ್ಲ.'

ರಶ್ಮಿ ಚಮಚ ತೆಗೆದುಕೊಂಡಳು. ಆರು ದಿನಕ್ಕೆ ಮುಕ್ಕಾಲು ಗಂಟೆಯಂತೆ ಗುಣಿಸಲು ಹೋಗಿ, ನಡುವೆಯೇ ಬಿಟ್ಟುಬಿಟ್ಟಳು.