ಮುಚ್ಚಳದ ಕೆಳಗಿನ ಭಂಡಾರ

"ಎಲ್ಲಿಂದ ಬರಾಕತ್ತೀಯಪ್ಪಾ ನೀನು?"

ವಿಜ್ಞಾನಿ ಸಲ್ಮಾ ಮೇಡಂ ಕೇಳಿದ್ದು ನನ್ನನ್ನಲ್ಲ. ತೊಡೆಯ ಮೇಲಿನ ಹಾಳೆಯನ್ನು ನೋಡುತ್ತ ತಮಗೆ ತಾವೇ ಅಂದುಕೊಂಡದ್ದು.

ಗುಡೇಕೋಟೆ ಗುಡ್ಡದ ಸುರಂಗದಲ್ಲಿ ನಾವಿಬ್ಬರು ಸಿಕ್ಕಿಕೊಂಡು ಒಂದು ತಾಸಾಗಿತ್ತು. ಧೂಳು ಹೋಗಬಾರದೆಂದು ಪ್ರಯೋಗದ ಕೋಣೆಗೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವುದು. ನಡುವಿನ ನಾಲ್ಕು ಹೆಜ್ಜೆ ಜಾಗದಲ್ಲಿದ್ದಾಗ ಎರಡೂ ಕೆಟ್ಟು ನಿಂತವು. ಹೊರಗೆ ಬಾಗಿಲು ಬಿಚ್ಚುತ್ತಿದ್ದ ಮೆಕ್ಯಾನಿಕ್ ದುರುಗೇಶನ ಸ್ಪ್ಯಾನರ್ ಸದ್ದು ಮಾತ್ರ ಕೇಳುತ್ತಿತ್ತು.

ಒಳಗಿರುವುದು ಎಣ್ಣೆ ತುಂಬಿದ ತೊಟ್ಟಿ. ಸೂರ್ಯನಿಂದ ಹೊರಟ ನ್ಯೂಟ್ರಿನೊ ಎಂಬ ಕಣಗಳು ಗುಡ್ಡವನ್ನೂ ನಮ್ಮನ್ನೂ ತಾಕದೆ ಹಾಯ್ದು ಹೋಗುತ್ತವೆ. ದಿನಕ್ಕೆ ನಾಲ್ಕೈದು ಮಾತ್ರ ಎಣ್ಣೆಗೆ ತಗಲುತ್ತವೆ. ಆಗ ಏಳುವ ಮಿಣುಕನ್ನು ಸುತ್ತಲಿನ ಗಾಜಿನ ಕಣ್ಣುಗಳು ಹಿಡಿಯುತ್ತವೆ. ಆ ತೊಟ್ಟಿಯ ಮುಚ್ಚಳ ಬಿಗಿದ ಫಿಟ್ಟರ್ ನಾನು, ಮೈಲಾರದ ಪಾಲಾಕ್ಷಪ್ಪ.

ಮುಚ್ಚಳ ಬಿಗಿದು ಇಪ್ಪತ್ತು ದಿನ; ಅಂದಿನಿಂದ ನ್ಯೂಟ್ರಿನೊದ್ದಲ್ಲದ ಮಿಣುಕು ದಿನಕ್ಕೆ ಸಾವಿರಾರು ಬರುತ್ತಿದ್ದವು.

"ಪೊಟ್ಯಾಸಿಯಂ ಅಣ್ಣಾ, ಅದರಾಗಿಂದ ಸಣ್ಣಗ ವಿಕಿರಣ ಹೊರಡ್ತೈತಿ. ಮುಚ್ಚಳದ ಕಡಿಂದನ ಬರಾಕತ್ತೈತಿ. ಮ್ಯಾಲಿನ ಗಾಜಿನಾಗ ಐತೇನೋ."

"ಅದು ಮತ್ಯಾವುದ್ರಾಗ ಇರ್ತೈತ್ರಿ?"

"ಮಣ್ಣಿನಾಗ, ಬಾಳೆಹಣ್ಣಿನಾಗ. ಅರಿಷಿಣದಾಗಂತೂ ಭಾಳ."

ಹೊಸ ಮೋಟಾರಿರಲಿ, ಬಾವಿ ಇರಲಿ, ನಮ್ಮ ಕಡೆ ಭಂಡಾರ ಹಚ್ಚದೆ ಶುರು ಮಾಡುವುದಿಲ್ಲ. ಮೈಲಾರಲಿಂಗನ ಅರಿಷಿಣಪುಡಿ ಅದು. ಮುಚ್ಚಳ ಇಳಿಸುವ ದಿನ ಅದರ ಅಡಿಗೆ ಹಚ್ಚಿದ್ದೆ.

ಗೋಡೆಗಳು ಇನ್ನಷ್ಟು ಹತ್ತಿರ ಬಂದಂತಾದವು. ಹೇಳಿದೆ.

ಮೇಡಂ ಹಾಳೆಯಿಂದ ತಲೆ ಎತ್ತಿದರು. "ಒಂದು ಚಿಟಿಕೀನ?"

"ಎರಡು."

"ಏಳುಕೋಟಿ ಅಂತ ಮೈಲಾರಲಿಂಗನ ಜೈಕಾರಾನೂ ಕೂಗಿದ್ರೇನು?"

"ಮನಸಿನಾಗ ಅಂದ್ನಿರಿ."

"ನಿಮ್ಮ ಉಗುರಿನಾಗ ಕ್ಷಣಕ್ಕ ಆರೂವರೆ ಸಾವಿರ ಕೋಟಿ ನ್ಯೂಟ್ರಿನೊ ಹೊಕ್ಕಾವ. ಏಳು ಎಲ್ಲಿಗೆ ಸಾಲ್ತಾವು?" ನಕ್ಕರು. ನಗು ನಿಂತ ಮೇಲೆ ದನಿ ತಗ್ಗಿತು. "ಗೊತ್ತಾದ್ರ ನಿಮ್ಮನ್ನ ಈ ಕೆಲಸದಾಗ ಇಟ್ಕೊಳ್ಳಂಗಿಲ್ಲ, ಅಣ್ಣಾ. ಗಾಜಿಂದು ತಪ್ಪು ಅಂತ ಬರೀತೀನಿ. ಹೆಂಗೂ ಎಣ್ಣಿ ಇಳಿಸಿ ಮುಚ್ಚಳ ತೆಗೀಬೇಕು; ಆವಾಗ ಒರೆಸಿಬಿಡ್ರಿ."

ಮುಚ್ಚಳದ ದಫ್ತರಿನಲ್ಲಿ ಫಿಟ್ಟರನ ಸಹಿ ಬೇಕು. ಹಾಗೇ ಬರೆದು ಹಾಳೆ ಮುಂದಿಟ್ಟರು. ಹನ್ನೊಂದು ವರ್ಷದ ಕೆಲಸ ನನ್ನದು. ಒಂದು ಸಹಿಗೆ ಉಳಿಯುತ್ತಿತ್ತು.

ನಮ್ಮಜ್ಜ ಮೈಲಾರಲಿಂಗನ ಗೊರವಯ್ಯ. ಡಮರು ಹಿಡಿದು ದೇವರ ಪದ ಹೇಳುವಾಗ ನಾನು ಕಂಬಕ್ಕೊರಗಿ ಕೇಳುತ್ತಿದ್ದೆ. ಒಮ್ಮೆ ಅಜ್ಜನಿಗೆ ಸಾಲು ಮರೆಯಿತು. ಜನ ಕಾಯುತ್ತಿದ್ದರು. ತಾನೇ ಒಂದು ಸಾಲು ಕಟ್ಟಿ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಜ್ಜ ಡಮರು ಕೆಳಗಿಟ್ಟು, "ಮರತೀನಿ" ಅಂದ.

ಹೊರಬಾಗಿಲು ಗರ್ರೆಂದು ಒಂದು ಗೇಣು ಸರಿಯಿತು. ಬಿಸಿಗಾಳಿ ನುಗ್ಗಿತು. "ಬರ್ರಿ ಹೊರಗ, ಇನ್ನೇನು ಸಂಸಾರ ಹೂಡ್ತೀರೇನು ಅಲ್ಲೇ?" ಅಂದ ದುರುಗೇಶ್.

ಮೇಡಂ ಏಳಲಿಲ್ಲ. ಪೆನ್ನು ನನ್ನ ಕೈಯಲ್ಲಿಟ್ಟರು. "ಲಗೂನ ಹಾಕ್ರಿ ಅಣ್ಣಾ, ಅವ ಒಳಗ ಬರೂದ್ರೊಳಗ."

ಪೆನ್ನನ್ನು ಹಾಳೆಯ ಮೇಲೆ ಮಲಗಿಸಿದೆ.

"ಹಾಕಂಗಿಲ್ರಿ."