ಓದಿದವನು ಓದಿದ್ದು

“ಇನ್ನೊಂದ್ಸಲ ಓದು ಮಗಾ, ಆವತ್ತು ಓದ್ದಂಗೇ,” ಎಂದಳು ಗೌರಮ್ಮ. ಕೋಗಿಲು ಕೆರೆಯ ಏರಿಯ ಮೇಲಿದ್ದ ವೀರಗಲ್ಲನ್ನು ಬೂದಿ, ತೆಂಗಿನ ನಾರು ಹಾಕಿ ಉಜ್ಜುತ್ತಿದ್ದಳು. ಮಗ ಲಕ್ಕಣ್ಣ ಗಡಿಯಲ್ಲಿ ಸತ್ತು ಇಪ್ಪತ್ತೊಂದು ದಿನ. ಹೆಣ ಬಂದಿರಲಿಲ್ಲ, ತಂತಿ ಬಂದಿತ್ತು.

ಅವಳ ತಂಗಿಯ ಮಗ ಪಿಳ್ಳಣ್ಣ ಹಿಂದೆ ಕೈಕಟ್ಟಿ ನಿಂತಿದ್ದ. ಬಿ.ಎ. ಓದಿದವನು, ಊರಿಗೆ ಬರುವ ಕಾಗದ, ನೋಟೀಸು ಎಲ್ಲಕ್ಕೂ ಅವನದೇ ಬಾಯಿ. ಮೂರು ವರ್ಷದ ಕೆಳಗೆ, ಚೀನಾ ಯುದ್ಧದ ಹೊತ್ತಿಗೆ, ಈ ಕಲ್ಲಲ್ಲಿ ಏನು ಬರೆದಿದೆ ಓದು ಎಂದು ಗೆಳೆಯರು ಕೇಳಿದಾಗ ಗೊತ್ತಿಲ್ಲವೆನ್ನಲು ಬಿ.ಎ. ಬಿಡಲಿಲ್ಲ. ಹಳಗನ್ನಡದ ಮೇಷ್ಟರ ಮೂಗುದನಿ ತಂದುಕೊಂಡು, ಇಲ್ಲದ ಕನ್ನಡಕ ಏರಿಸಿ, ಸವೆದ ಅಕ್ಷರಗಳ ಮೇಲೆ ಬೆರಳಾಡಿಸಿದ್ದ:

“ಸ್ವಸ್ತಿ! ಈ ಲಕ್ಕಗಾವುಂಡಂ ತುರುಗಳಂ ಕಾದು ಸತ್ತಂ. ದೇವಗನ್ನೆಯರ ತೋಳೊಳ್ ಪೋದಂ. ಇವನ ಕುಲದೊಳ್ ಪುಟ್ಟಿದವಂ ಮನೆಯೊಳ್ ಸಾಯಂ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಲಕ್ಕಣ್ಣ ನಗಲಿಲ್ಲ.

“ನಮ್ ವಂಸ್ದೋನಾ ಪಿಳ್ಳಣ್ಣ?”

“ಮತ್ತಿನ್ಯಾರ್ದು? ಮೂಗು ನೋಡೋ, ನಿಂದೇ ಚಪ್ಪಟೆ!”

ಕಲ್ಲಿನ ಮಾತನ್ನು ಅವ್ವನಿಗೂ ಹೇಳಿ, ಮರುತಿಂಗಳೇ ಲಕ್ಕಣ್ಣ ಮಿಲಿಟರಿ ಸೇರಿದ. ಅಲ್ಲಿಂದ ಬರೆದ ಕಾಗದಗಳಲ್ಲೆಲ್ಲ ಒಂದು ಸಾಲು ತಪ್ಪುತ್ತಿರಲಿಲ್ಲ: ನಮ್ಮ ಕಲ್ಲಿಗೆ ಎಣ್ಣೆ ಹಚ್ಚುತ್ತಿರಿ.

ತಂತಿ ಬಂದಾಗ ಶಾನುಭೋಗರು, ಅವನು ದೇಶಕ್ಕಾಗಿ ಸತ್ತ ಎಂದರು. ಭಜನೆಯವರು ಧರ್ಮಕ್ಕಾಗಿ ಎಂದರು. ಪಿಳ್ಳಣ್ಣನಿಗೆ ಮಾತ್ರ ಕಾರಣ ತನ್ನ ಆವತ್ತಿನ ಮೂಗುದನಿಯಲ್ಲೇ ಕೂತಂತಿತ್ತು.

“ದೊಡ್ಡವ್ವ,” ಎಂದ. ಈ ಸಲ ಮೇಷ್ಟರ ದನಿ ತರಲಿಲ್ಲ. “ಈ ಅಕ್ಷರ ನಂಗೆ ಓದಕ್ಕೇ ಬರಲ್ಲ. ಆವತ್ತು ಹೇಳಿದ್ದೆಲ್ಲ ಸುಳ್ಳು. ನಗ್ಸಕ್ಕೆ ಕಟ್ಟಿದ್ದು.”

ನಾರು ನಿಂತಿತು. ಬೈಯಲಿ, ಮಣ್ಣು ತೂರಲಿ ಎಂದು ಕಾದ. ಅವನಿಗೆ ಅದೇ ಬೇಕಿತ್ತು. ಗೌರಮ್ಮ ತಲೆಯೆತ್ತಿದಳು. ಇಪ್ಪತ್ತೊಂದು ದಿನದಿಂದ ಆರಿಹೋಗಿದ್ದ ಮುಖದಲ್ಲಿ ಏನೋ ಹೊತ್ತಿಕೊಂಡಿತ್ತು.

“ಅಂಗಾದ್ರೆ... ತಂತೀನೂ ನೀನೇ ಅಲ್ವೇನಪ್ಪ ಓದಿದ್ದು?”

“ದೊಡ್ಡವ್ವ, ಅದು—”

“ಅದೂ ಇಂಗೇನಾ? ನಿಜ ಹೇಳು ಮಗಾ, ಬೈಯಾಕಿಲ್ಲ. ಅದೂ ತಮಾಸೇನಾ?”

ಪಿಳ್ಳಣ್ಣ ಮಂಡಿಯೂರಿದ. “ಇಲ್ಲ. ತಂತಿ ನಿಜ.” ಅವಳ ಕಣ್ಣು ಅವನ ಬಾಯನ್ನೇ ಹಿಡಿದುಕೊಂಡಿತ್ತು. “ಕಲ್ಲೂ ನಿಜ,” ಎಂದ.

ಸವೆದ ಮೊದಲಕ್ಷರದ ಮೇಲೆ ಬೆರಳಿಟ್ಟ. “ಸ್ವಸ್ತಿ...”

ವೀರನನ್ನು ಎತ್ತಿಕೊಂಡಿದ್ದ ದೇವಗನ್ನೆಯರ ತೋಳುಗಳಿಂದ ಬೂದಿನೀರು ಸಣ್ಣಗೆ ಇಳಿದು ಅವನ ಬೆರಳನ್ನು ಸುತ್ತಿಕೊಂಡು ಹೋಯಿತು.